ಚೀಟಿ ರೋಗಿಯ ಕೈಯಲ್ಲಿ, ಮಾಹಿತಿ ಯಾರ ಕೈಯಲ್ಲಿ?

2020ರ ಮಾರ್ಚ್ ತಿಂಗಳಲ್ಲಿ ದೇಶದ ಕಣ್ಣು ಕಲಬುರಗಿಯ ಮೇಲೆ ನೆಟ್ಟಿತ್ತು. ಭಾರತದಲ್ಲಿ ಕೋವಿಡ್-19ಕ್ಕೆ ಬಲಿಯಾದ ಮೊದಲ ವ್ಯಕ್ತಿ ಈ ನಗರದ 76 ವರ್ಷದ ವೃದ್ಧರು. ಫೆಬ್ರವರಿ 29ರಂದು ಸೌದಿ ಅರೇಬಿಯಾದಿಂದ ಮರಳಿದ್ದ ಅವರಿಗೆ ಒಂದು ವಾರದ ತರುವಾಯ ಜ್ವರ, ಕೆಮ್ಮು ಕಾಣಿಸಿಕೊಂಡವು. ವೈದ್ಯರೊಬ್ಬರು ಮನೆಗೇ ಬಂದು ಚಿಕಿತ್ಸೆ ನೀಡಿದರು. ಮಾರ್ಚ್ 9ರಂದು ಕಲಬುರಗಿಯ ಖಾಸಗಿ ಆಸ್ಪತ್ರೆ, ಅಲ್ಲಿಂದ ಹೈದರಾಬಾದಿನ ಆಸ್ಪತ್ರೆ, ಮತ್ತೆ ಕಲಬುರಗಿಯತ್ತ ಪಯಣ. ಮಾರ್ಚ್ 10ರಂದು ದಾರಿಯಲ್ಲಿಯೇ ಅವರು ಕೊನೆಯುಸಿರೆಳೆದರು. ಸೋಂಕು ಖಚಿತವಾದದ್ದು ಮಾರ್ಚ್ 12ರಂದು, ಅಂದರೆ ಸಾವಿನ ಎರಡು ದಿನಗಳ ಬಳಿಕ.

ಈ ಪ್ರಕರಣದಲ್ಲಿ ಎರಡು ವೈಪರೀತ್ಯಗಳಿದ್ದವು. ರೋಗಿ ಎರಡು ರಾಜ್ಯಗಳ ನಡುವೆ ಓಡಾಡಿದರೂ ಅವರ ಕುರಿತ ಖಚಿತ ಮಾಹಿತಿ ಅವರ ಬೆನ್ನ ಹಿಂದೆಯೇ ಉಳಿಯಿತು. ಚಿಕಿತ್ಸೆ ನೀಡಿದ ವೈದ್ಯರಿಗೂ ಸೋಂಕು ತಗುಲಿತು. ಆದರೆ ಫಲಿತಾಂಶ ಹೊರಬಿದ್ದ ಮೇಲೆ ಮೃತರ ಹೆಸರು, ಕುಟುಂಬದ ಗುರುತು ಕ್ಷಣಾರ್ಧದಲ್ಲಿ ಮೊಬೈಲಿನಿಂದ ಮೊಬೈಲಿಗೆ ಹಾರಿದವು. ತಲುಪಬೇಕಾದಲ್ಲಿಗೆ ಮಾಹಿತಿ ತಡವಾಗಿ ತಲುಪಿತು. ತಲುಪಬಾರದಲ್ಲಿಗೆ ಬಹುಬೇಗ ತಲುಪಿತು.

ಸಾಂಕ್ರಾಮಿಕದ ದಿನಗಳು ಸರಿದುಹೋಗಿವೆ. ಆ ಎರಡು ದೋಷಗಳು ಮಾತ್ರ ಸರಿದುಹೋಗಿಲ್ಲ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಂಥ ಕಡೆಗಳಲ್ಲಿ ಅವು ನಿತ್ಯದ ಸಂಗತಿಗಳು. ಆಸ್ಪತ್ರೆಗಳ ಗಣಕೀಕರಣ, ಹದಿನಾಲ್ಕು ಅಂಕಿಯ ಆರೋಗ್ಯ ಖಾತೆ, ದತ್ತಾಂಶ ಸಂರಕ್ಷಣೆಯ ಹೊಸ ಕಾನೂನು ಇವೆಲ್ಲವೂ ಒಟ್ಟಿಗೆ ಬಾಗಿಲು ತಟ್ಟುತ್ತಿರುವ ಈ ಹೊತ್ತಿನಲ್ಲಿ ಕೇಳಬೇಕಾದ ಪ್ರಶ್ನೆ ಸರಳವಾದದ್ದು: ಈ ವ್ಯವಸ್ಥೆಗಳಿಂದ ಆ ಎರಡು ದೋಷಗಳಲ್ಲಿ ಯಾವುದು ನೀಗುತ್ತದೆ, ಯಾವುದು ಹಿಗ್ಗುತ್ತದೆ?

ಕೌಂಟರಿನಿಂದ ಟ್ರಸ್ಟಿನವರೆಗೆ

ಈ ಭಾಗದ ಜನ ಆಸ್ಪತ್ರೆಯನ್ನು ಇಂದಿಗೂ ದವಾಖಾನೆ ಎಂದೇ ಕರೆಯುತ್ತಾರೆ. ದವಾಖಾನೆಗೆ ಬಂದವರಿಂದ ಮೊದಲು ಪಡೆಯುವುದು ಹೆಸರು, ವಯಸ್ಸು, ಊರು, ಮೊಬೈಲ್ ಸಂಖ್ಯೆ. ಮುಂದೆ ರೋಗಲಕ್ಷಣ, ರಕ್ತಪರೀಕ್ಷೆ, ಔಷಧಿ. ಸರ್ಕಾರಿ ಯೋಜನೆಯ ನೆರವು ಬೇಕಾದರೆ ಪಡಿತರ ಚೀಟಿ ಮತ್ತು ಆಧಾರ್. ಗರ್ಭಿಣಿಗೆ ತಾಯಿ ಕಾರ್ಡು ಮತ್ತು ಕೇಂದ್ರದ ತಾಯಿ-ಮಗುವಿನ ಆರೋಗ್ಯ ಜಾಲದಲ್ಲಿ ಒಂದು ದಾಖಲೆ. ಕ್ಷಯರೋಗಿಯ ವಿವರ ‘ನಿಕ್ಷಯ್’ ಜಾಲಕ್ಕೆ ಹೋಗುತ್ತದೆ. ಕ್ಷಯ ಪತ್ತೆಯಾದರೆ ಸರ್ಕಾರಕ್ಕೆ ತಿಳಿಸುವುದು 2012ರಿಂದಲೇ ಕಡ್ಡಾಯ. ಪೌಷ್ಟಿಕ ಆಹಾರಕ್ಕಾಗಿ ನೀಡುವ ಮಾಸಿಕ ನೆರವು 2018ರಲ್ಲಿ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1,000 ರೂಪಾಯಿ ಆಗಿದೆ. ಅದು ನೇರವಾಗಿ ಖಾತೆಗೆ ಜಮೆಯಾಗುವುದರಿಂದ ರೋಗದ ಜತೆಗೆ ಬ್ಯಾಂಕಿನ ವಿವರವೂ ಅದೇ ದಾಖಲೆಗೆ ಸೇರುತ್ತದೆ. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಆರಂಭವಾಗಿ ಅನಂತರ ಇತರ ಜಿಲ್ಲೆಗಳಿಗೂ ವಿಸ್ತರಿಸಿದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತರು ಮನೆಬಾಗಿಲಿಗೇ ಬಂದು ರಕ್ತದೊತ್ತಡ, ಮಧುಮೇಹಗಳನ್ನು ತಪಾಸಣೆ ಮಾಡಿ ದಾಖಲಿಸಿಕೊಳ್ಳುತ್ತಾರೆ. ಒಟ್ಟಿನಲ್ಲಿ, ದವಾಖಾನೆಯ ಮೆಟ್ಟಿಲು ಹತ್ತದವನ ಆರೋಗ್ಯ ಮಾಹಿತಿಯೂ ಇಂದು ಎಲ್ಲೋ ಒಂದು ಕಡೆ ದಾಖಲಾಗಿರುತ್ತದೆ.

ಇದು ನಿನ್ನೆ ಮೊನ್ನೆ ಆರಂಭವಾದದ್ದಲ್ಲ. ಬಡವರಿಗೆ ದುಬಾರಿ ಶಸ್ತ್ರಚಿಕಿತ್ಸೆಗಳನ್ನು ನಗದುರಹಿತವಾಗಿ ಒದಗಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಕರ್ನಾಟಕ ಸರ್ಕಾರ 2010ರಲ್ಲಿ ಮೊದಲು ಜಾರಿಗೊಳಿಸಿದ್ದು ಇದೇ ಗುಲ್ಬರ್ಗ ವಿಭಾಗದಲ್ಲಿ. ಪ್ರತ್ಯೇಕ ನೋಂದಣಿಯ ಗೋಜಿರಲಿಲ್ಲ. ಬಿಪಿಎಲ್ ಕಾರ್ಡೇ ಪ್ರವೇಶಪತ್ರ. ಹಳ್ಳಿಗಳಲ್ಲಿ ಆರೋಗ್ಯ ಶಿಬಿರ ನಡೆಸಿ ರೋಗಿಗಳನ್ನು ಗುರುತಿಸಲಾಯಿತು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಒಪ್ಪಿಗೆ ನೀಡಿದ ಮೇಲೆ ಚಿಕಿತ್ಸೆ ನಡೆಯಿತು. ಹೃದಯ, ಮೂತ್ರಪಿಂಡ, ಕ್ಯಾನ್ಸರ್ ಚಿಕಿತ್ಸೆಯ ಕನಸೂ ಕಾಣದಿದ್ದ ಕುಟುಂಬಗಳು ಅದರಿಂದ ಜೀವ ಉಳಿಸಿಕೊಂಡವು ಎಂಬುದನ್ನು ಮರೆಯುವಂತಿಲ್ಲ.

2018ರಲ್ಲಿ ಈ ಯೋಜನೆಗಳೆಲ್ಲ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವಿಲೀನವಾದವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು ನೆರವು. ತುರ್ತು ಸಂದರ್ಭದ ಹೊರತು ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಆಳಂದದ ರೋಗಿಯೊಬ್ಬ ಕಲಬುರಗಿಯ ಆಸ್ಪತ್ರೆ ಸೇರುವ ಹೊತ್ತಿಗೆ ಆತನ ರೋಗದ ವಿವರವನ್ನು ತಾಲ್ಲೂಕು ಆಸ್ಪತ್ರೆಯ ವೈದ್ಯರು, ಶಿಫಾರಸು ಪತ್ರ ಸಿದ್ಧಪಡಿಸುವ ಸಿಬ್ಬಂದಿ, ಕಲಬುರಗಿ ಆಸ್ಪತ್ರೆಯ ಯೋಜನಾ ಕೌಂಟರಿನವರು, ಅನುಮತಿ ನೀಡುವ ಟ್ರಸ್ಟಿನ ಪರಿಶೀಲಕರು, ಬಿಲ್ಲು ಮಂಜೂರು ಮಾಡುವವರು ಹೀಗೆ ಅನೇಕರು ನೋಡಿರುತ್ತಾರೆ. ಪ್ರತಿಯೊಬ್ಬರೂ ನೋಡುವುದಕ್ಕೆ ಕಾರಣವಿದೆ, ನಿಜ. ಆದರೆ ಯಾರು ಎಷ್ಟು ನೋಡಬೇಕು, ಕೆಲಸ ಮುಗಿದ ಮೇಲೆ ಏನಾಗಬೇಕು ಎಂಬುದನ್ನು ರೋಗಿಗೆ ಹೇಳುವವರು ಯಾರು?

ಗಡಿ ದಾಟುವ ರೋಗಿ, ದಾಟದ ದಾಖಲೆ

ಆಳಂದ ಮತ್ತು ಅಫಜಲಪುರ ತಾಲ್ಲೂಕುಗಳು ಮಹಾರಾಷ್ಟ್ರಕ್ಕೆ ತಾಗಿಕೊಂಡಿವೆ. ಗಡಿಯಂಚಿನ ಹಳ್ಳಿಗಳವರಿಗೆ ದೊಡ್ಡ ಚಿಕಿತ್ಸೆ ಎಂದರೆ ಕಲಬುರಗಿಯಷ್ಟೇ ಸಹಜವಾಗಿ ಸೊಲ್ಲಾಪುರವೂ ನೆನಪಾಗುತ್ತದೆ. ಜೇವರ್ಗಿಯವರು ಕಲಬುರಗಿಯನ್ನೋ ವಿಜಯಪುರವನ್ನೋ ನೆಚ್ಚುತ್ತಾರೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಗುಳೆ ಹೋಗುವ ಕುಟುಂಬಗಳ ದಾರಿ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿನತ್ತ. ರೋಗಿ ಹೀಗೆ ಹೋದಲ್ಲೆಲ್ಲ ಅವನ ದಾಖಲೆ ಹೋಗುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡ ಚೀಟಿ, ಎಕ್ಸ್‌ರೇ, ಮಾತ್ರೆಯ ಖಾಲಿ ಪಟ್ಟಿ ಇಷ್ಟೇ ಆತನ ವೈದ್ಯಕೀಯ ಇತಿಹಾಸ. ಅದು ಕಳೆದರೆ ಪರೀಕ್ಷೆಗಳೆಲ್ಲ ಮತ್ತೆ ಮೊದಲಿನಿಂದ, ಖರ್ಚೂ ಮತ್ತೆ ಮೊದಲಿನಿಂದ. ಕ್ಷಯರೋಗಿಯೊಬ್ಬ ಅರ್ಧ ಚಿಕಿತ್ಸೆಯಲ್ಲಿ ಊರು ಬಿಟ್ಟು ಅಲ್ಲಿ ಔಷಧಿ ಮುಂದುವರಿಸದಿದ್ದರೆ ಅಪಾಯ ಆತನೊಬ್ಬನಿಗಷ್ಟೇ ಅಲ್ಲ.

ಭೀಮೆಯ ದಂಡೆಯವರಿಗೆ ಇನ್ನೊಂದು ಭಯವಿದೆ. 2020ರ ಅಕ್ಟೋಬರ್‌ನಲ್ಲಿ, ಮತ್ತೆ 2025ರ ಸೆಪ್ಟೆಂಬರ್‌ನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಿಗೆ ನುಗ್ಗಿತು. ಇಂಥ ಪ್ರವಾಹದಲ್ಲಿ ಕಾಳುಕಡಿಯ ಜತೆಗೆ ಕಾಗದಪತ್ರಗಳೂ ಕೊಚ್ಚಿಹೋಗುತ್ತವೆ. ಪರಿಹಾರ ಕೇಂದ್ರಕ್ಕೆ ಬಂದ ವೃದ್ಧೆಗೆ ತಾನು ಯಾವ ಮಾತ್ರೆ ನುಂಗುತ್ತಿದ್ದೆ ಎಂದು ಹೇಳಲು ಬಾರದಿದ್ದರೆ ವೈದ್ಯರೇನು ಮಾಡಬೇಕು? ಡಿಜಿಟಲ್ ದಾಖಲೆ ಬೇಡವೇ ಬೇಡ ಎಂದು ನಗರದಲ್ಲಿ ಕುಳಿತು ವಾದಿಸುವವರು ಈ ವೃದ್ಧೆಯನ್ನು ಒಮ್ಮೆ ನೆನೆಯುವುದು ಒಳಿತು.

2020ರ ಆಗಸ್ಟ್ 15ರಂದು ಘೋಷಣೆಯಾಗಿ 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ವಿಸ್ತರಣೆಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ ಭರವಸೆ ಇದೇ. ‘ಆಭಾ’ ಎಂಬ ಹದಿನಾಲ್ಕು ಅಂಕಿಯ ಖಾತೆ ಪಡೆದರೆ ಬೇರೆ ಬೇರೆ ಆಸ್ಪತ್ರೆಗಳ ದಾಖಲೆಗಳನ್ನು ಅದಕ್ಕೆ ಜೋಡಿಸಬಹುದು. ದಾಖಲೆಗಳು ಆಯಾ ಆಸ್ಪತ್ರೆಗಳಲ್ಲಿಯೇ ಇರುತ್ತವೆ. ರೋಗಿ ಮೊಬೈಲಿನಲ್ಲಿ ಸಮ್ಮತಿಸಿದರೆ ಮಾತ್ರ ಮತ್ತೊಂದು ಆಸ್ಪತ್ರೆಯ ವೈದ್ಯರು ಅವನ್ನು ನೋಡಬಹುದು. ಕೊಟ್ಟ ಸಮ್ಮತಿಯನ್ನು ಹಿಂಪಡೆಯಬಹುದು. ಈ ಖಾತೆ ಕಡ್ಡಾಯವಲ್ಲ, ಐಚ್ಛಿಕ. ಕಾಗದದ ಮೇಲೆ ಇದಕ್ಕಿಂತ ಚೆನ್ನಾದ ವ್ಯವಸ್ಥೆ ಬೇರೊಂದಿರಲಾರದು. ತೊಡಕು ಇರುವುದು ‘ಮೊಬೈಲಿನಲ್ಲಿ ಸಮ್ಮತಿ’ ಎಂಬ ಎರಡು ಪದಗಳಲ್ಲಿ.

ಒಟಿಪಿ ಯಾರ ಮೊಬೈಲಿಗೆ?

ಮನೆಗೊಂದು ಮೊಬೈಲು ಇರುವ ಊರುಗಳಲ್ಲಿ ಸಮ್ಮತಿ ಕೊಡುವವರು ಯಾರು? ದವಾಖಾನೆಯ ಸರದಿಯಲ್ಲಿ ನಿಂತ ಹೆಣ್ಣುಮಗಳ ಒಟಿಪಿ ಗಂಡನ ಮೊಬೈಲಿಗೋ ಪುಣೆಯಲ್ಲಿ ದುಡಿಯುತ್ತಿರುವ ಮಗನ ಮೊಬೈಲಿಗೋ ಹೋಗುತ್ತದೆ. ಆಕೆ ಯಾವ ತಪಾಸಣೆಗೆ ಬಂದಿದ್ದಾಳೆ ಎಂಬ ಸೂಚನೆಯೂ ಅದೇ ಮೊಬೈಲಿಗೆ ಹೋದರೆ, ದೂರದ ಹ್ಯಾಕರ್‌ನ ಹಂಗೇ ಇಲ್ಲದೆ ಮನೆಯೊಳಗೇ ಗುಟ್ಟು ರಟ್ಟಾಗುತ್ತದೆ. ಇನ್ನು, ‘ಒಟಿಪಿ ಹೇಳಮ್ಮ, ಬೇಗ’ ಎಂದು ಕೌಂಟರಿನಲ್ಲಿ ಕೇಳಿದಾಗ ಅದು ಯಾತಕ್ಕೆ ಎಂದು ಮರುಪ್ರಶ್ನಿಸುವ ಧೈರ್ಯ ಎಷ್ಟು ಮಂದಿಗಿದೆ? ಹಾಗೆ ಹೇಳಿದ ಆರು ಅಂಕಿಗಳನ್ನು ಕಾನೂನಿನ ಅರ್ಥದ ‘ತಿಳಿದು ಕೊಟ್ಟ ಸಮ್ಮತಿ’ ಎಂದು ಕರೆಯುವುದು ಹೇಗೆ?

ಇದು ಕೇವಲ ಊಹೆಯ ಭಯವಲ್ಲ ಎಂಬುದಕ್ಕೆ ಆರೋಗ್ಯ ಕ್ಷೇತ್ರದ ಹೊರಗಿನದಾದರೂ ಆಳಂದದ್ದೇ ಆದ ಉದಾಹರಣೆಯಿದೆ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಈ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆಯುವಂತೆ ಕೋರಿ ಆನ್‌ಲೈನಿನಲ್ಲಿ 6,018 ಅರ್ಜಿಗಳು ಸಲ್ಲಿಕೆಯಾದವು. ಅಧಿಕಾರಿಗಳು ಪರಿಶೀಲಿಸಿದಾಗ ಸರಿಯೆಂದು ಕಂಡದ್ದು 24 ಮಾತ್ರ. ಯಾರ ಹೆಸರಿನಲ್ಲಿ ಅರ್ಜಿ ಹೋಗಿತ್ತೋ ಅವರಿಗೇ ಅದು ಗೊತ್ತಿರಲಿಲ್ಲ. ಆ ಪ್ರಕರಣದ ರಾಜಕೀಯ ಇಲ್ಲಿ ಪ್ರಸ್ತುತವಲ್ಲ. ಮೊಬೈಲ್ ಸಂಖ್ಯೆ ಮತ್ತು ಒಟಿಪಿ ಎಂಬ ಬೀಗದ ಕೈಗಳು ಬೇರೆಯವರ ಕೈ ಸೇರಿದರೆ ಒಬ್ಬನ ಹೆಸರಿನಲ್ಲಿ ಇನ್ನೊಬ್ಬ ಏನನ್ನೂ ಮಾಡಬಲ್ಲ ಎಂಬ ಪಾಠವಷ್ಟೇ ಇಲ್ಲಿ ಮುಖ್ಯ. ಮತದ ಹಕ್ಕಿಗೆ ಒದಗಿದ ಅಪಾಯ ಆರೋಗ್ಯ ದಾಖಲೆಗೆ ಒದಗದು ಎಂದು ನಂಬುವುದಕ್ಕೆ ಕಾರಣವೇನೂ ಇಲ್ಲ.

ಅಗಸಿ ಕಟ್ಟೆಯ ಮಾತು

ಬೆಂಗಳೂರಿನ ಓದುಗರಿಗೆ ಆರೋಗ್ಯ ಮಾಹಿತಿಯ ಸೋರಿಕೆ ಎಂದರೆ ವಿಮಾ ಕಂಪನಿಯ ಕರೆ, ಔಷಧಿ ಜಾಹೀರಾತಿನ ಕಾಟ ಎಂಬ ಭಾವನೆ ಬರಬಹುದು. ಸಣ್ಣ ಊರಿನಲ್ಲಿ ಅದರ ಬೆಲೆ ಬೇರೆ. ಮಗಳಿಗೆ ಮೂರ್ಛೆರೋಗವಿದೆ ಎಂಬ ಮಾತು ಅಗಸಿ ಕಟ್ಟೆಗೆ ಬಿದ್ದರೆ ಅವಳ ಮದುವೆ ನಿಲ್ಲುತ್ತದೆ. ಎಚ್ಐವಿ ಸೋಂಕಿನ ಸುದ್ದಿ ಹೊರಬಿದ್ದರೆ ಬಾಡಿಗೆ ಮನೆ, ಕೂಲಿ, ಕೆಲವೊಮ್ಮೆ ಮಕ್ಕಳ ಶಾಲೆಯೂ ತಪ್ಪುತ್ತದೆ. ಈ ಹೆದರಿಕೆಯಿಂದಲೇ ಎಷ್ಟೋ ಮಂದಿ ಹತ್ತಿರದ ಚಿಕಿತ್ಸಾ ಕೇಂದ್ರ ಬಿಟ್ಟು ಗುರುತಿಲ್ಲದ ದೂರದ ಊರಿಗೆ ಹೋಗುತ್ತಾರೆ. ಕೆಲವರು ಚಿಕಿತ್ಸೆಯನ್ನೇ ಬಿಡುತ್ತಾರೆ. ಗೌಪ್ಯತೆ ಎಂಬುದು ಉಳ್ಳವರ ಸೊಗಸಲ್ಲ, ಬಡವರ ಪಾಲಿಗೆ ಅದು ಚಿಕಿತ್ಸೆಯ ಒಂದು ಭಾಗ.

ಕಾನೂನುಗಳು ಇಲ್ಲವೆಂದಲ್ಲ. 2017ರ ಎಚ್ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಸೋಂಕಿತರ ಮಾಹಿತಿಯನ್ನು ಅವರ ಸಮ್ಮತಿಯಿಲ್ಲದೆ ಬಹಿರಂಗಪಡಿಸುವುದನ್ನು ಅದು ನಿರ್ಬಂಧಿಸುತ್ತದೆ. ಆ ಮಾಹಿತಿಯನ್ನು ಸಂರಕ್ಷಿಸುವ ಹೊಣೆಯನ್ನು ಸಂಸ್ಥೆಗಳ ಮೇಲೆ ಹೊರಿಸುತ್ತದೆ. 2021ರಲ್ಲಿ ತಿದ್ದುಪಡಿಯಾದ ಗರ್ಭಪಾತ ಕಾಯ್ದೆಯ ಪ್ರಕಾರ ಮಹಿಳೆಯ ಹೆಸರನ್ನು ಅನಧಿಕೃತರಿಗೆ ತಿಳಿಸಿದವರಿಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಮನೋರೋಗಿಯ ಗೌಪ್ಯತೆಯನ್ನೂ ತನ್ನ ದಾಖಲೆಯನ್ನು ತಾನೇ ನೋಡುವ ಹಕ್ಕನ್ನೂ ಮಾನ್ಯ ಮಾಡಿದೆ. ಅಫಜಲಪುರ ತಾಲ್ಲೂಕಿನ ಗಾಣಗಾಪುರದ ದತ್ತ ಕ್ಷೇತ್ರಕ್ಕೆ ಮನೋವ್ಯಾಧಿಯವರನ್ನು ಕರೆತರುವ ವಾಡಿಕೆ ಬಹಳ ಹಳೆಯದು. ಅಲ್ಲಿಗೆ ಬರುವ ಕುಟುಂಬ ವೈದ್ಯರ ಬಳಿಗೂ ಬರಬೇಕಾದರೆ, ಅಲ್ಲಿ ಆಡಿದ ಮಾತು ಅಲ್ಲಿಯೇ ಉಳಿಯುತ್ತದೆ ಎಂಬ ನಂಬಿಕೆ ಮೊದಲು ಹುಟ್ಟಬೇಕು.

ಆ ನಂಬಿಕೆಯನ್ನು ಅನೇಕ ಸಲ ಮುರಿಯುವುದು ದುರುದ್ದೇಶವಲ್ಲ, ರೂಢಿ. ವೈದ್ಯರ ಮೇಜಿನ ಸುತ್ತ ಒಂದೇ ಸಲಕ್ಕೆ ಐದಾರು ರೋಗಿಗಳು ನಿಂತಿರುವುದು, ಹೆಸರಿನ ಜತೆಗೆ ಪರೀಕ್ಷೆಯ ಹೆಸರನ್ನೂ ಕೂಗಿ ಕರೆಯುವುದು, ಎಲ್ಲರಿಗೂ ಕಾಣುವಂತೆ ತೆರೆದಿಟ್ಟ ರಿಜಿಸ್ಟರು, ಪ್ರಯೋಗಾಲಯದ ವರದಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಇವೆಲ್ಲ ರಾಜ್ಯದ ಯಾವುದೇ ಸಣ್ಣ ಪಟ್ಟಣದ ಆಸ್ಪತ್ರೆಯಲ್ಲಿ, ಸರ್ಕಾರಿಯೇ ಇರಲಿ ಖಾಸಗಿಯೇ ಇರಲಿ, ಅಪರೂಪದ ದೃಶ್ಯಗಳಲ್ಲ. 2020ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರವೇ ಗೃಹ ಸಂಪರ್ಕತಡೆಯಲ್ಲಿದ್ದವರ ಮನೆ ವಿಳಾಸಗಳ ಪಟ್ಟಿಯನ್ನು ಬಹಿರಂಗಪಡಿಸಿತ್ತು. ನೆರೆಹೊರೆಯವರು ಎಚ್ಚರದಿಂದಿರಲಿ ಎಂಬುದು ಉದ್ದೇಶ. ಆದರೆ ಹೊರಬಿದ್ದ ಪಟ್ಟಿಯನ್ನು ಹಿಂದಕ್ಕೆ ಪಡೆಯಲಾಗದು. ಸಾಂಕ್ರಾಮಿಕ ತಡೆಗೆ ಎಷ್ಟು ಮಂದಿಗೆ, ಯಾವ ಊರಿನಲ್ಲಿ ರೋಗವಿದೆ ಎಂಬ ಲೆಕ್ಕ ಸಾರ್ವಜನಿಕರಿಗೆ ಬೇಕು. ಯಾರಿಗೆ ಎಂಬುದು ಚಿಕಿತ್ಸೆ ನೀಡುವವರಿಗೆ ಮತ್ತು ಸಂಪರ್ಕ ಪತ್ತೆ ಮಾಡುವವರಿಗೆ ಸಾಕು.

ಹೊಸ ಕಾನೂನಿನ ಬಲ ಮತ್ತು ಬಿರುಕು

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಆ ಪ್ರಕರಣದ ಮೂಲ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ. ಆರೋಗ್ಯ ಮಾಹಿತಿಗೆಂದೇ ಪ್ರತ್ಯೇಕ ಕಾನೂನು ತರಲು 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಕರಡೊಂದನ್ನು ಸಿದ್ಧಪಡಿಸಿತ್ತು. ಅದು ಕಾಯ್ದೆಯಾಗಲೇ ಇಲ್ಲ. ಬದಲಿಗೆ ಎಲ್ಲ ಕ್ಷೇತ್ರಗಳಿಗೂ ಅನ್ವಯಿಸುವ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಆಗಸ್ಟ್‌ನಲ್ಲಿ ಬಂತು. ಅದರ ನಿಯಮಗಳು 2025ರ ನವೆಂಬರ್ ಮಧ್ಯಭಾಗದಲ್ಲಿ ಪ್ರಕಟವಾದವು. ಆಸ್ಪತ್ರೆಗಳು ಪಾಲಿಸಬೇಕಾದ ಮುಖ್ಯ ಕಟ್ಟಳೆಗಳಿಗೆ ಹದಿನೆಂಟು ತಿಂಗಳ ಅವಧಿ ನೀಡಲಾಗಿದ್ದು, ಅದು ಮುಗಿಯುವುದು 2027ರ ಮೇ ತಿಂಗಳಲ್ಲಿ.

ಈ ಕಾನೂನಿನಲ್ಲಿ ಒಳ್ಳೆಯ ಅಂಶಗಳಿವೆ. ಮಾಹಿತಿ ಯಾವ ಉದ್ದೇಶಕ್ಕೆ ಎಂಬುದನ್ನು ಸರಳವಾಗಿ ತಿಳಿಸಬೇಕು. ಆ ತಿಳಿವಳಿಕೆ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ದೊರೆಯುವಂತಿರಬೇಕು. ಕನ್ನಡ, ಉರ್ದು, ಮರಾಠಿ, ತೆಲುಗು ಬೆರೆತ ಈ ಸೀಮೆಗೆ ಇದು ಸಣ್ಣ ಮಾತಲ್ಲ. ಮಾಹಿತಿ ಸೋರಿದರೆ ಸಂಬಂಧಪಟ್ಟ ವ್ಯಕ್ತಿಗೂ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಿಳಿಸಬೇಕು. ಭದ್ರತೆಯಲ್ಲಿ ತಪ್ಪಿದರೆ 250 ಕೋಟಿ ರೂಪಾಯಿವರೆಗೆ ದಂಡ.

ಆದರೆ ಬಿರುಕುಗಳೂ ಇವೆ. ಮೊದಲನೆಯದಾಗಿ, ಕಾಯ್ದೆ ಅನ್ವಯಿಸುವುದು ಡಿಜಿಟಲ್ ರೂಪದ ಅಥವಾ ಅನಂತರ ಡಿಜಿಟಲ್ ರೂಪಕ್ಕೆ ತಂದ ಮಾಹಿತಿಗೆ ಮಾತ್ರ. ಕೌಂಟರಿನ ಮೇಲೆ ತೆರೆದಿಟ್ಟ ಕಾಗದದ ರಿಜಿಸ್ಟರು ಅದರ ವ್ಯಾಪ್ತಿಗೆ ಬಾರದು. ಅದೇ ಪುಟವನ್ನು ಸಿಬ್ಬಂದಿಯೊಬ್ಬರು ಮೊಬೈಲಿನಲ್ಲಿ ಕ್ಲಿಕ್ಕಿಸಿ ಕಚೇರಿಯ ಗುಂಪಿಗೆ ಕಳುಹಿಸಿದ ಕೂಡಲೇ ಅದು ಡಿಜಿಟಲ್ ಮಾಹಿತಿಯಾಗುತ್ತದೆ. ತಾಲ್ಲೂಕು ಮಟ್ಟದ ಬಹುಪಾಲು ಮಾಹಿತಿ ಈ ಎರಡರ ನಡುವಿನ ಹೊಸ್ತಿಲಲ್ಲಿ ನಿಂತಿದೆ. ಎರಡನೆಯದಾಗಿ, ವೈದ್ಯಕೀಯ ತುರ್ತು, ಸಾಂಕ್ರಾಮಿಕ, ಸರ್ಕಾರಿ ಸೌಲಭ್ಯ ವಿತರಣೆ ಇವುಗಳಿಗೆ ಸಮ್ಮತಿಯ ಅಗತ್ಯವಿಲ್ಲದೆಯೂ ಮಾಹಿತಿ ಬಳಸಲು ಅವಕಾಶವಿದೆ. ಪ್ರಜ್ಞೆಯಿಲ್ಲದ ರೋಗಿಯಿಂದ ಸಮ್ಮತಿ ಕೇಳಲಾಗದು, ಸರಿಯೇ. ಆದರೆ ಬಡವರ ಚಿಕಿತ್ಸೆಯ ಬಹುಭಾಗ ನಡೆಯುವುದೇ ಸರ್ಕಾರಿ ಸೌಲಭ್ಯದ ಮೂಲಕ. ಹೆಚ್ಚು ರಕ್ಷಣೆ ಬೇಕಾದವರಿಗೇ ಸಮ್ಮತಿಯ ಕವಚ ತೆಳುವಾಗುತ್ತದೆ. ಮೂರನೆಯದಾಗಿ, ವೈದ್ಯಕೀಯ ಇತಿಹಾಸವನ್ನು ‘ಸೂಕ್ಷ್ಮ ಮಾಹಿತಿ’ ಎಂದು 2011ರ ಮಾಹಿತಿ ತಂತ್ರಜ್ಞಾನ ನಿಯಮಗಳು ಪ್ರತ್ಯೇಕವಾಗಿ ಗುರುತಿಸಿದ್ದವು. ಹೊಸ ಕಾಯ್ದೆಯಲ್ಲಿ ಆ ಭೇದವಿಲ್ಲ. ದೂರವಾಣಿ ಸಂಖ್ಯೆಗೂ ಕ್ಯಾನ್ಸರ್ ವರದಿಗೂ ಒಂದೇ ತಕ್ಕಡಿ. ನಾಲ್ಕನೆಯದಾಗಿ, ದಂಡದ ಹಣ ಸರ್ಕಾರದ ಬೊಕ್ಕಸಕ್ಕೆ. ಗುಟ್ಟು ರಟ್ಟಾಗಿ ನೊಂದ ವ್ಯಕ್ತಿಗೆ ಪರಿಹಾರ ಕೊಡಿಸುವ ಅವಕಾಶ ಈ ಕಾಯ್ದೆಯಲ್ಲಿಲ್ಲ.

ಇನ್ನು ತಾಂತ್ರಿಕ ಭದ್ರತೆ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್‌ನ ಸರ್ವರ್‌ಗಳ ಮೇಲೆ ಸೈಬರ್ ದಾಳಿ ನಡೆದು, ದೇಶದ ಅಗ್ರಮಾನ್ಯ ಆಸ್ಪತ್ರೆ ಸುಮಾರು ಎರಡು ವಾರ ಕೈಬರಹದ ಚೀಟಿಗಳಿಗೆ ಮರಳಬೇಕಾಯಿತು. ಏಮ್ಸ್‌ಗೇ ಆ ಗತಿಯಾದರೆ ಗಣಕಯಂತ್ರಕ್ಕೊಬ್ಬ ಪೂರ್ಣಾವಧಿ ತಂತ್ರಜ್ಞನಿಲ್ಲದ ತಾಲ್ಲೂಕು ಆಸ್ಪತ್ರೆಯ ಪಾಡೇನು? ದತ್ತಾಂಶವನ್ನು ಜಿಲ್ಲೆ ಅಥವಾ ರಾಜ್ಯ ಮಟ್ಟದಲ್ಲಿ ಕಾಯ್ದಿಟ್ಟರೂ ಅದರೊಳಗೆ ಪ್ರವೇಶಿಸುವ ಬಾಗಿಲು ಇರುವುದು ತಾಲ್ಲೂಕಿನಲ್ಲಿಯೇ. ಗೋಡೆಗೆ ಅಂಟಿಸಿದ ಪಾಸ್‌ವರ್ಡು, ನಾಲ್ವರು ಹಂಚಿಕೊಂಡ ಒಂದೇ ಲಾಗಿನ್ ಇದ್ದರೆ ಬೆಂಗಳೂರಿನ ಬೀಗ ಎಷ್ಟು ಗಟ್ಟಿಯಾಗಿದ್ದರೇನು?

ಮೇ ತಿಂಗಳಿಗೆ ಮುನ್ನ

ಕಾನೂನು ಜಾರಿಗೆ ಬರುವ ದಿನದವರೆಗೆ ಕಾಯುವ ಅಗತ್ಯವಿಲ್ಲ. ಮಾಡಬೇಕಾದ ಬಹಳಷ್ಟು ಕೆಲಸಗಳಿಗೆ ಹೆಚ್ಚಿನ ಹಣವೂ ಬೇಕಿಲ್ಲ.

ಮೊದಲು ರೋಗಿಯ ಕೈಗೆ ಆತನ ದಾಖಲೆ ಸಿಗಲಿ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯ ಪ್ರಕಾರ ಒಳರೋಗಿಯ ದಾಖಲೆಯನ್ನು ಮೂರು ವರ್ಷ ಕಾಪಾಡಬೇಕು, ರೋಗಿ ಅಥವಾ ಆತ ಅಧಿಕಾರ ಕೊಟ್ಟವರು ಕೇಳಿದರೆ 72 ಗಂಟೆಗಳೊಳಗೆ ಒದಗಿಸಬೇಕು. 2023ರಲ್ಲಿ ಹೊರಡಿಸಿದ ಹೊಸ ನಿಯಮಾವಳಿಯನ್ನು ಅದೇ ವರ್ಷ ತಡೆಹಿಡಿದದ್ದರಿಂದ ಹಳೆಯದೇ ಅನ್ವಯವಾಗುತ್ತದೆ. ಇಪ್ಪತ್ತು ವರ್ಷ ದಾಟಿದ ಈ ಹಕ್ಕಿನ ಬಗ್ಗೆ ಒಂದು ಫಲಕವನ್ನು ಕನ್ನಡ, ಉರ್ದು, ಮರಾಠಿಗಳಲ್ಲಿ ಬರೆಸಿ ಹೊರರೋಗಿ ವಿಭಾಗದ ಬಾಗಿಲಲ್ಲಿ ತೂಗುಹಾಕಲು ಯಾರ ಅನುಮತಿ ಬೇಕು? ಗುಳೆ ಹೋಗುವ ಹಂಗಾಮಿಗೆ ಮುನ್ನ ದೀರ್ಘಕಾಲದ ರೋಗಿಗಳಿಗೆ ಒಂದು ಪುಟದ ಚಿಕಿತ್ಸಾ ಸಾರಾಂಶ ಬರೆದುಕೊಡುವ ಪದ್ಧತಿ ಆರಂಭಿಸಿದರೆ ಆಳಂದದ ರೋಗಿ ಪುಣೆಯಲ್ಲಿ ಮೊದಲಿನಿಂದ ಆರಂಭಿಸಬೇಕಾಗಿಲ್ಲ. ಗಡಿಯಾಚೆಯೂ ಇದೇ ಸಾರಾಂಶ ನಡೆಯುವಂತೆ ಕಲಬುರಗಿ ಮತ್ತು ಸೊಲ್ಲಾಪುರ ಜಿಲ್ಲೆಗಳ ಆರೋಗ್ಯಾಧಿಕಾರಿಗಳು ಒಂದು ನಮೂನೆಗೆ ಒಪ್ಪಿಕೊಳ್ಳಬಹುದು.

ಎರಡನೆಯದು ಕೌಂಟರಿನ ಶಿಸ್ತು. ಒಟಿಪಿ ಕೇಳುವ ಮೊದಲು ಅದು ಯಾತಕ್ಕೆ ಎಂದು ಒಂದು ವಾಕ್ಯದಲ್ಲಿ ಹೇಳಬೇಕು. ಆಭಾ ಖಾತೆ ಬೇಡವೆಂದವರಿಗೂ ಚೀಟಿ ಕೊಡಬೇಕು. ಹೆಣ್ಣುಮಕ್ಕಳಿಗೆ ಸೂಚನೆ ಯಾರ ಮೊಬೈಲಿಗೆ ಹೋಗಲಿ ಎಂದು ಅವರನ್ನೇ ಕೇಳಬೇಕು. ಸಿಬ್ಬಂದಿಗೆ ಒಬ್ಬೊಬ್ಬರಿಗೆ ಒಂದೊಂದು ಲಾಗಿನ್ ಇರಬೇಕು. ರೋಗಿಯ ಹೆಸರು, ಮುಖವಿರುವ ಚಿತ್ರಗಳು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹೋಗಬಾರದು. ವೈದ್ಯರ ಕೋಣೆಗೆ ಒಂದು ಪರದೆ ಹಾಕಿಸಿ ಒಬ್ಬೊಬ್ಬರನ್ನೇ ಒಳಗೆ ಬಿಡುವುದಕ್ಕೆ ಯಾವ ಕಾಯ್ದೆಯೂ ಬೇಕಾಗಿಲ್ಲ. ಹೊರಗೆ ನೂರಾರು ಮಂದಿ ಸರದಿಯಲ್ಲಿರುವಾಗ ಇದೆಲ್ಲ ಸಾಧ್ಯವೇ ಎಂದು ಸಿಬ್ಬಂದಿ ಕೇಳಬಹುದು. ಅವರ ಕಷ್ಟ ಸುಳ್ಳಲ್ಲ. ಖಾಲಿ ಹುದ್ದೆಗಳನ್ನು ತುಂಬದೆ ಅವರ ಮೇಲೆ ಹೊಸ ಪೋರ್ಟಲುಗಳನ್ನು ಹೇರುತ್ತಿರುವ ಸರ್ಕಾರ ಮೊದಲು ಇದಕ್ಕೆ ಉತ್ತರಿಸಬೇಕು.

ಮೂರನೆಯದು ಹೊಣೆಗಾರಿಕೆ. ಖಾಸಗಿ ಆಸ್ಪತ್ರೆ, ಪ್ರಯೋಗಾಲಯಗಳ ನೋಂದಣಿ ಮತ್ತು ದೂರುಗಳ ವಿಚಾರಣೆ ಜಿಲ್ಲಾಧಿಕಾರಿ ನೇತೃತ್ವದ ಪ್ರಾಧಿಕಾರದ ಕೈಯಲ್ಲಿದೆ. ನೋಂದಣಿ ನವೀಕರಣದ ವೇಳೆ ಅಗ್ನಿಶಾಮಕ ವ್ಯವಸ್ಥೆ, ಜೈವಿಕ ತ್ಯಾಜ್ಯ ವಿಲೇವಾರಿಯ ಜತೆಗೆ ದಾಖಲೆಗಳ ರಕ್ಷಣೆಯನ್ನೂ ತಪಾಸಣೆಯ ಪಟ್ಟಿಗೆ ಸೇರಿಸಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಜನಪ್ರತಿನಿಧಿಗಳನ್ನು ಒಳಗೊಂಡ ಆರೋಗ್ಯ ರಕ್ಷಾ ಸಮಿತಿಗಳಿವೆ. ಔಷಧಿ, ಕಟ್ಟಡ, ಶುಚಿತ್ವದ ಚರ್ಚೆಯ ಜತೆಗೆ ‘ನಮ್ಮ ಜನರ ಮಾಹಿತಿ ಎಲ್ಲಿಗೆ ಹೋಗುತ್ತಿದೆ’ ಎಂಬ ಪ್ರಶ್ನೆಯೂ ಆ ಸಭೆಗಳ ನಡಾವಳಿಗೆ ಬರಲಿ. ಉತ್ತರಿಸಲು ಪ್ರತಿ ಆಸ್ಪತ್ರೆಯಲ್ಲೂ ಹೆಸರು ಗೊತ್ತಿರುವ ಒಬ್ಬ ಅಧಿಕಾರಿ ಇರಲಿ.

ಕಲ್ಯಾಣ ಕರ್ನಾಟಕಕ್ಕೆ ಹೊಸ ಆಸ್ಪತ್ರೆಗಳು ಬಂದಿವೆ, ಬರುತ್ತಿವೆ. ಸಂತೋಷವೇ. ಆದರೆ ಕಟ್ಟಡ ಎಷ್ಟೇ ದೊಡ್ಡದಿರಲಿ, ವೈದ್ಯರ ಮುಂದೆ ಕುಳಿತ ರೋಗಿ ತನ್ನ ನೋವನ್ನು ಪೂರ್ತಿಯಾಗಿ ಹೇಳಿಕೊಳ್ಳುವುದು ಕೇಳಿಸಿಕೊಂಡವರ ಮೇಲೆ ವಿಶ್ವಾಸವಿದ್ದಾಗ ಮಾತ್ರ. ಅರ್ಧ ಮುಚ್ಚಿಟ್ಟ ರೋಗಕ್ಕೆ ಅರ್ಧ ಚಿಕಿತ್ಸೆಯೇ ಗತಿ. ಆಸ್ಪತ್ರೆಯಲ್ಲಿರುವ ದಾಖಲೆಯ ಒಡೆಯ ರೋಗಿ, ಆಸ್ಪತ್ರೆ ಅದನ್ನು ಕಾಯುವ ಪಾಲಕ ಮಾತ್ರ. ಈ ಸರಳ ಮಾತನ್ನು 2027ರ ಮೇ ತಿಂಗಳಿಗೆ ಮುನ್ನ ಆಳಂದ, ಅಫಜಲಪುರ, ಜೇವರ್ಗಿಯ ಕೌಂಟರುಗಳವರೆಗೆ ತಲುಪಿಸಿದರೆ ಕಾನೂನಿನ ಅರ್ಧ ಕೆಲಸ ಆದಂತೆ. ತಲುಪಿಸದಿದ್ದರೆ ಗೆಜೆಟ್‌ನಲ್ಲಿ ಪ್ರಕಟವಾದ ಇನ್ನೊಂದು ಕಾಯ್ದೆಯಾಗಿ ಅದು ಅಲ್ಲಿಯೇ ಉಳಿದೀತು.